ಚಾರ್ಜರಿಗೆ ಹಚ್ಚಿಯೇ ಇಟ್ಟ ಲ್ಯಾಪ್‌ಟಾಪ್: ಸೋಲಾಪುರ–ಅಕ್ಕಲಕೋಟೆ ಸೀಮೆಯಲ್ಲಿ ಬ್ಯಾಟರಿಯ ಬಾಳಿಕೆ

ಲ್ಯಾಪ್‌ಟಾಪನ್ನು ದಿನವಿಡೀ ಚಾರ್ಜರಿಗೆ ಹಚ್ಚಿಯೇ ಇಟ್ಟು ಬಳಸುವ ರೂಢಿ ಮನೆ, ಕಚೇರಿ, ಅಂಗಡಿಗಳಲ್ಲೆಲ್ಲ ಇದೆ. ಇದರಿಂದ ಬ್ಯಾಟರಿ ಕೆಡುತ್ತದೆ ಎಂದು ಕೆಲವರು, ಏನೂ ಆಗುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಇಬ್ಬರದೂ ಅರ್ಧ ಸತ್ಯ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿ ತುಂಬಿದೊಡನೆ ಚಾರ್ಜಿಂಗ್ ತಾನಾಗಿ ನಿಲ್ಲುತ್ತದೆ. ಹೆಚ್ಚು ವಿದ್ಯುತ್ ಕುಡಿದು ಕೆಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ಪೂರ್ತಿ ತುಂಬಿದ ಬ್ಯಾಟರಿ ಬಿಸಿಯಲ್ಲಿ ತಿಂಗಳುಗಟ್ಟಲೆ ಹಾಗೆಯೇ ಕೂತರೆ ಅದಕ್ಕೆ ಬೇಗ ಮುಪ್ಪು ಬರುತ್ತದೆ. ಹಾಗಾಗಿ ವರ್ಷದಲ್ಲಿ ನಾಲ್ಕು ತಿಂಗಳು ಕಾದ ಹೆಂಚಿನಂತಾಗುವ ಸೋಲಾಪುರದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ, ಬೆಂಗಳೂರಿನಲ್ಲೋ ಯುರೋಪಿನಲ್ಲೋ ಸಿಗುವ ಉತ್ತರಕ್ಕಿಂತ ಬೇರೆ. ಇಲ್ಲಿ ಪ್ಲಗ್ಗಿಗಿಂತ ಧಗೆಯ ಲೆಕ್ಕವೇ ದೊಡ್ಡದು.

ಬಸವಣ್ಣನವರ ಸಮಕಾಲೀನ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೋಲಾಪುರ. ಅಲ್ಲಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಸ್ವಾಮಿ ಸಮರ್ಥರ ಸಮಾಧಿಯಿಂದ ಹೆಸರಾದ ಅಕ್ಕಲಕೋಟೆ ಇದೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೋಲಾಪುರ ತಾಲೂಕುಗಳ ಬಹಳಷ್ಟು ಊರುಗಳಲ್ಲಿ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ಗಡಿ ವಿವಾದದ ಬಗ್ಗೆ 1967ರಲ್ಲಿ ಬಂದ ಮಹಾಜನ ಆಯೋಗದ ವರದಿಯಲ್ಲಿ ಈ ಸೀಮೆ ಕರ್ನಾಟಕಕ್ಕೆ ಸೇರಬೇಕಾದ ಭಾಗಗಳ ಪಟ್ಟಿಯಲ್ಲಿತ್ತು. ಮೈಂದರ್ಗಿ, ದುಧನಿ, ನಾಗಣಸೂರ, ತೋಳನೂರ ಕಡೆಯ ಹಳ್ಳಿಗಳಿಗೆ ಕಂಪ್ಯೂಟರ್ ಬಂದದ್ದು ಮುಖ್ಯವಾಗಿ ಸರ್ಕಾರಿ ಕೆಲಸದ ದಾರಿಯಲ್ಲಿ. ತಲಾಠಿಯ (ಗ್ರಾಮಲೆಕ್ಕಿಗನ) ಸಾತಬಾರಾ ಉತಾರ ಅಂದರೆ ಪಹಣಿ, ಗ್ರಾಮ ಪಂಚಾಯತಿಯ ದಾಖಲೆ, 'ಆಪಲೆ ಸರ್ಕಾರ್' ಸೇವಾ ಕೇಂದ್ರದ ಜಾತಿ–ಆದಾಯ ಪ್ರಮಾಣಪತ್ರ, ಎಂಎಸ್-ಸಿಐಟಿ ಎಂಬ ಕಂಪ್ಯೂಟರ್ ಕಲಿಕೆಯ ತರಗತಿ ಇವೆಲ್ಲ ಕಂಪ್ಯೂಟರಿನ ಮೇಲೇ ನಡೆಯುತ್ತವೆ. ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಲೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದಾಗ, ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿದ್ದರ ಜೊತೆಗೆ ಮಕ್ಕಳಿಗಾಗಿ ಕನ್ನಡ ಕಲಿತದ್ದನ್ನೂ ಪ್ರಶಸ್ತಿಯ ಪ್ರಕಟಣೆ ಎತ್ತಿ ಹೇಳಿತ್ತು. ಇಂಥ ಕಚೇರಿ, ಸೇವಾ ಕೇಂದ್ರ, ಶಾಲೆಗಳಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲೆ ಇರುವುದು ಅಪರೂಪ. ಅದು ಮೇಜಿನ ಮೇಲೆ, ಪ್ರಿಂಟರಿನ ಪಕ್ಕ, ಬೆಳಗಿನಿಂದ ಸಂಜೆವರೆಗೆ ಪ್ಲಗ್ಗಿನಲ್ಲೇ ಇರುತ್ತದೆ. 2020ರ ಮಾರ್ಚಿನ ಲಾಕ್‌ಡೌನ್ ಹೊತ್ತಿಗೆ ಪುಣೆ, ಬೆಂಗಳೂರುಗಳಿಂದ ಕಂಪನಿಯ ಲ್ಯಾಪ್‌ಟಾಪ್ ಹೊತ್ತು ಊರಿಗೆ ಮರಳಿದವರೂ ಇದೇ ರೂಢಿಗೆ ಬಿದ್ದರು.

ಕೋಶದೊಳಗಿನ ಕತೆ

ಲಿಥಿಯಂ-ಅಯಾನ್ ಕೋಶದ ಒಂದು ಮಗ್ಗುಲಲ್ಲಿ ಗ್ರಾಫೈಟ್, ಇನ್ನೊಂದು ಮಗ್ಗುಲಲ್ಲಿ ಕೋಬಾಲ್ಟ್, ನಿಕಲ್, ಮ್ಯಾಂಗನೀಸಿನಂಥ ಲೋಹಗಳ ಆಕ್ಸೈಡ್ ಇರುತ್ತವೆ. ನಡುವೆ ಲಿಥಿಯಂ ಲವಣ ಕರಗಿಸಿದ ಸಾವಯವ ದ್ರಾವಣ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಹೊಕ್ಕು ಕೂರುತ್ತವೆ. ಬಳಸುವಾಗ ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಈ ತತ್ತ್ವಕ್ಕೆ 1970ರ ದಶಕದಲ್ಲಿ ಅಡಿಪಾಯ ಹಾಕಿದವರು ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡನ್ನು ತಂದರು, 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಸುರಕ್ಷಿತ ಮಾದರಿಯನ್ನು ಕಟ್ಟಿದರು. ಸೋನಿ ಕಂಪನಿ 1991ರಲ್ಲಿ ಇದನ್ನು ಮಾರುಕಟ್ಟೆಗೆ ಬಿಟ್ಟಿತು. ಮೂವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಸಾಮಾನ್ಯ ಕೋಶ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ 4.2, ಅರ್ಧ ತುಂಬಿದಾಗ 3.7ರ ಆಸುಪಾಸು, 3ರ ಹತ್ತಿರ ಬಂದರೆ ಖಾಲಿ ಎಂದೇ ಲೆಕ್ಕ. ಚಾರ್ಜಿಂಗ್ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಒಂದೇ ಪ್ರಮಾಣದ ಕರೆಂಟ್ ಹರಿಸಿ ವೋಲ್ಟೇಜನ್ನು ಏರಿಸಲಾಗುತ್ತದೆ, 4.2 ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು, ಕರೆಂಟನ್ನು ಕ್ರಮೇಣ ಇಳಿಸುತ್ತ ತಂದು ನಿಲ್ಲಿಸಲಾಗುತ್ತದೆ. ಕೊನೆಯ ಹತ್ತು–ಹದಿನೈದು ಶೇಕಡಾ ಏರುವುದಕ್ಕೆ ಅಷ್ಟು ಹೊತ್ತು ಹಿಡಿಯುವುದು ಇದಕ್ಕೇ. ನಿಂತ ಮೇಲೆ ಯಂತ್ರ ನಡೆಯುವುದು ನೇರವಾಗಿ ಅಡಾಪ್ಟರಿನ ವಿದ್ಯುತ್ತಿನಿಂದ. ಬ್ಯಾಟರಿ ಸುಮ್ಮನೆ ಕೂತಿರುತ್ತದೆ. ತಾನಾಗಿ ಒಂದಿಷ್ಟು ಇಳಿದು 95ರ ಸುಮಾರಿಗೆ ಬಂದಾಗ ಮತ್ತೆ ತುಸು ತುಂಬಿಸಿಕೊಳ್ಳುತ್ತದೆ. ಅಂದಮೇಲೆ ಪ್ಲಗ್ಗಿನಲ್ಲಿರುವುದೆಂದರೆ, ಬ್ಯಾಟರಿಯ ಮಟ್ಟಿಗೆ, ಹೊಟ್ಟೆ ತುಂಬಿಸಿಕೊಂಡು ಕೆಲಸವಿಲ್ಲದೆ ಕೂರುವುದು.

ಬ್ಯಾಟರಿಯ ಸವೆತ ಎರಡು ಬಗೆಯದು. ಏರಿಳಿತದಿಂದ ಬರುವುದು ಒಂದು, ಕಾಲದಿಂದ ಬರುವುದು ಇನ್ನೊಂದು. ಬಹುಪಾಲು ಲ್ಯಾಪ್‌ಟಾಪ್ ಬ್ಯಾಟರಿಗಳು 300ರಿಂದ 500 ಪೂರ್ಣ ಸುತ್ತುಗಳವರೆಗೆ ಚೆನ್ನಾಗಿ ಬಾಳುತ್ತವೆ. ಕೆಲವು ತಯಾರಕರು 1,000 ಸುತ್ತುಗಳಾದ ಮೇಲೂ ಶೇ. 80ರಷ್ಟು ಶಕ್ತಿ ಉಳಿಯುವ ಹಾಗೆ ವಿನ್ಯಾಸ ಮಾಡಿರುವುದಾಗಿ ಹೇಳುತ್ತಾರೆ. ಅರ್ಧರ್ಧ ಎರಡು ಸಲ ಇಳಿಸಿದರೆ ಅದು ಒಂದು ಸುತ್ತು. ಪ್ಲಗ್ಗಿನಲ್ಲಿಟ್ಟವರಿಗೆ ಈ ಸುತ್ತುಗಳು ಉಳಿಯುತ್ತವೆ, ಅಷ್ಟರ ಮಟ್ಟಿಗೆ ಅವರ ರೂಢಿ ಲಾಭದ್ದೇ. ಕಾಲದ ಸವೆತ ಮಾತ್ರ ಯಾರನ್ನೂ ಬಿಡುವುದಿಲ್ಲ: ಹಗೇವಿನಲ್ಲಿಟ್ಟ ಜೋಳವನ್ನು ಯಾರೂ ತಿನ್ನದಿದ್ದರೂ ನುಸಿ ತಿನ್ನುವ ಹಾಗೆ. ಗ್ರಾಫೈಟಿನ ಮೇಲೆ ದ್ರಾವಣದ ಕಣಗಳು ಒಡೆದು ಒಂದು ತೆಳುಪೊರೆ ಕಟ್ಟುತ್ತವೆ. ಮೊದಲ ಕೆಲವು ಸುತ್ತುಗಳಲ್ಲಿ ಕಟ್ಟುವ ಈ ಪೊರೆ ಬೇಕಾದದ್ದೇ, ಅದಿಲ್ಲದೆ ಕೋಶ ಬಾಳುವುದಿಲ್ಲ. ಆದರೆ ಅದು ದಪ್ಪವಾಗುತ್ತ ಹೋದಷ್ಟೂ ಲಿಥಿಯಂ ಅದರಲ್ಲಿ ಸಿಕ್ಕಿಕೊಂಡು, ಓಡಾಡಬಲ್ಲ ಅಯಾನುಗಳು ಕಡಿಮೆಯಾಗುತ್ತವೆ. ಇನ್ನೊಂದು ಮಗ್ಗುಲಲ್ಲಿ ಹೆಚ್ಚಿನ ವೋಲ್ಟೇಜಿಗೆ ದ್ರಾವಣ ಉತ್ಕರ್ಷಣಗೊಂಡು ಅನಿಲ ಹುಟ್ಟುತ್ತದೆ. ಒಳಗಿನ ರೋಧ ಏರುತ್ತದೆ. ಶೇ. 30 ತೋರಿಸುತ್ತಿದ್ದ ಲ್ಯಾಪ್‌ಟಾಪ್ ಏಕಾಏಕಿ ಆರಿ ಹೋಗುವುದು ಹೆಚ್ಚಾಗಿ ಈ ರೋಧದಿಂದಲೇ.

ಎರಡೂ ಕ್ರಿಯೆಗಳಿಗೆ ವೇಗ ಕೊಡುವುದು ಎರಡು ಸಂಗತಿಗಳು: ಎಷ್ಟು ತುಂಬಿದೆ, ಎಷ್ಟು ಬಿಸಿಯಿದೆ. ಕೋಶವನ್ನು 4.2ಕ್ಕೆ ಬದಲು 4.1 ವೋಲ್ಟಿಗೆ ನಿಲ್ಲಿಸಿದರೆ ಅದು ತಾಳುವ ಸುತ್ತುಗಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ ಎಂಬುದು ಈ ರಂಗದಲ್ಲಿ ಚಾಲ್ತಿಯಲ್ಲಿರುವ ಲೆಕ್ಕ. ಬಿಸಿಯ ವಿಚಾರದಲ್ಲೂ ಹಾಗೆಯೇ. 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆ ಸುಮಾರು ಎರಡು ಪಟ್ಟು ಚುರುಕಾಗುತ್ತದೆ ಎಂಬ ಹಳೆಯ ಸ್ಥೂಲ ಸೂತ್ರ ಇಲ್ಲಿಗೂ ಅನ್ವಯಿಸುತ್ತದೆ.

ಸೋಲಾಪುರದ ಬಿಸಿಲು

ಬ್ಯಾಟರಿ ರಂಗದಲ್ಲಿ ಪದೇ ಪದೇ ಉದ್ಧರಿಸುವ ಒಂದು ಕೋಷ್ಟಕವಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ತುಂಬಿಟ್ಟ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಒಂದು ವರ್ಷದ ಮೇಲೆ ಶೇ. 80ರಷ್ಟು ಸಾಮರ್ಥ್ಯ ಉಳಿಯುತ್ತದೆ, ಶೇ. 40 ಮಾತ್ರ ತುಂಬಿಟ್ಟಿದ್ದರೆ ಶೇ. 96. ಅದೇ 40 ಡಿಗ್ರಿಯಲ್ಲಿ ಪೂರ್ತಿ ತುಂಬಿಟ್ಟದ್ದಕ್ಕೆ 65, ಶೇ. 40 ತುಂಬಿಟ್ಟದ್ದಕ್ಕೆ 85. ಕೋಶದ ತಳಿ, ತಯಾರಕರಿಗೆ ತಕ್ಕಂತೆ ಅಂಕಿ ಹೆಚ್ಚುಕಡಿಮೆ ಆಗುತ್ತದೆ, ಆದರೆ ಒಟ್ಟು ಚಿತ್ರ ಬದಲಾಗುವುದಿಲ್ಲ. ಎರಡನೆಯ ಸಾಲಿನ ಆ 40 ಡಿಗ್ರಿ, ಯುರೋಪಿನ ಓದುಗರಿಗೆ ಪ್ರಯೋಗಾಲಯದ ಮಾತು. ಸೋಲಾಪುರದವರಿಗೆ ಅದು ಮೇ ತಿಂಗಳ ಸಾಮಾನ್ಯ ಮಧ್ಯಾಹ್ನ. ಇಲ್ಲಿ ಏಪ್ರಿಲ್–ಮೇಯಲ್ಲಿ ಪಾದರಸ 40 ದಾಟುವುದು ಸುದ್ದಿಯೇ ಅಲ್ಲ. ಆ್ಯಪಲ್ ಕಂಪನಿ ತನ್ನ ಉಪಕರಣಗಳ ಸುತ್ತಲಿನ ಬಿಸಿ 35 ಡಿಗ್ರಿ ಮೀರಬಾರದು, ಮೀರಿದರೆ ಬ್ಯಾಟರಿಯ ಸಾಮರ್ಥ್ಯಕ್ಕೆ ಶಾಶ್ವತ ಹಾನಿಯಾಗಬಹುದು ಎಂದು ಎಚ್ಚರಿಸುತ್ತದೆ. ಆ ಗೆರೆಯನ್ನು ಸೋಲಾಪುರ ಮಾರ್ಚ್ ತಿಂಗಳಿನಲ್ಲೇ ದಾಟುತ್ತದೆ.

ಇದು ಹೊರಗಿನ ಗಾಳಿಯ ಲೆಕ್ಕ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಪ್ರೊಸೆಸರಿನ ಶಾಖ ಸೇರಿ ಬ್ಯಾಟರಿ ಕೋಣೆಗಿಂತ ಇನ್ನಷ್ಟು ಬಿಸಿಯಾಗಿರುತ್ತದೆ. ಮಣ್ಣಿನ ಮಾಳಿಗೆಯ ಹಳೇ ಮನೆಯಲ್ಲಿ ಕೂತವನಿಗೂ ತಗಡು ಹೊದಿಸಿದ ಅಂಗಡಿಯಲ್ಲಿ ಕೂತವನಿಗೂ ಇರುವ ವ್ಯತ್ಯಾಸ ಅವರವರ ಲ್ಯಾಪ್‌ಟಾಪಿಗೂ ತಟ್ಟುತ್ತದೆ. ಬ್ಯಾಟರಿಯ ಒಳಗಿನ ತಾಪ ಸಾಮಾನ್ಯವಾಗಿ 45 ಡಿಗ್ರಿ ಮೀರಿದರೆ ನಿಯಂತ್ರಕ ಚಿಪ್ ಚಾರ್ಜಿಂಗನ್ನು ನಿಧಾನ ಮಾಡುತ್ತದೆ, ಇನ್ನೂ ಏರಿದರೆ ನಿಲ್ಲಿಸಿಬಿಡುತ್ತದೆ. ಮೇ ತಿಂಗಳ ಮಧ್ಯಾಹ್ನ ಪರದೆಯ ಮೂಲೆಯಲ್ಲಿ 'ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್' ಎಂದು ಕಂಡರೆ ಚಾರ್ಜರ್ ಸುಟ್ಟಿದೆ ಎಂದು ರಿಪೇರಿ ಅಂಗಡಿಗೆ ಓಡಬೇಕಿಲ್ಲ. ಸಂಜೆ ಫ್ಯಾನಿನ ಕೆಳಗೆ ಇಟ್ಟು ನೋಡಿದರೆ ಎಷ್ಟೋ ಸಲ ಚಾರ್ಜಿಂಗ್ ತಾನೇ ಶುರುವಾಗುತ್ತದೆ.

ಫ್ಯಾನಿನ ಜಾಲರಿಯ ಧೂಳೂ ಈ ಲೆಕ್ಕಕ್ಕೆ ಸೇರುತ್ತದೆ. ಎರೆಮಣ್ಣಿನ ಹುಡಿ ಒಂದು ಕಡೆಯಾದರೆ, ಚಾದರು–ಟವೆಲ್ಲು ನೇಯುವ ಪವರ್‌ಲೂಮ್ ಶೆಡ್ಡುಗಳ ಪಕ್ಕದ ಕಚೇರಿಗಳಲ್ಲಿ ಹತ್ತಿಯ ನವಿರು ಇನ್ನೊಂದು ಕಡೆ. ಗಾಳಿ ಹೋಗುವ ದಾರಿಯಲ್ಲಿ ಅದು ಬತ್ತಿಯಂತೆ ಕಟ್ಟಿಕೊಂಡರೆ ಯಂತ್ರ ಕಾಯುತ್ತದೆ, ಅದರ ಪಕ್ಕದಲ್ಲೇ ಮಲಗಿರುವ ಬ್ಯಾಟರಿಯೂ ಕಾಯುತ್ತದೆ. ವರ್ಷಕ್ಕೊಮ್ಮೆ, ಬೇಸಗೆಗೆ ಮುಂಚೆ, ಬ್ಲೋವರ್ ಹೊಡೆಸುವುದು ಪ್ಲಗ್ ಕೀಳುವ–ಹಚ್ಚುವ ಶಿಸ್ತಿಗಿಂತ ಹೆಚ್ಚು ಫಲ ಕೊಡುತ್ತದೆ. ಹಾಸಿಗೆ, ದಿಂಬು, ಕೌದಿಯ ಮೇಲಿಟ್ಟು ಕೆಲಸ ಮಾಡುವುದನ್ನು ಬಿಟ್ಟರೂ ಅಷ್ಟೇ ಲಾಭ.

ಇನ್ವರ್ಟರಿನಿಂದ ಬಂದ ತಪ್ಪು ಪಾಠ

ಈ ಸೀಮೆಯ ಜನಕ್ಕೆ ಬ್ಯಾಟರಿ ಹೊಸದಲ್ಲ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳು, ದವಾಖಾನೆಗಳು, ಅಂಗಡಿಗಳು ಇನ್ವರ್ಟರ್ ಕೂಡಿಸಿಕೊಂಡವು. ಅದರ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿಗೆ ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ಲಿಗೆ ಹಿಡಿದ ಬಿಳಿ ಬೂಷ್ಟು ಒರೆಸಿ ವ್ಯಾಸಲೀನ್ ಹಚ್ಚುವುದು ಮನೆಗೆಲಸದ ಭಾಗವೇ ಆಯಿತು. ಆ ಬ್ಯಾಟರಿ ಸೀಸ–ಆಮ್ಲದ್ದು. ಅದರ ಸ್ವಭಾವ ಲಿಥಿಯಂನದಕ್ಕೆ ತೀರಾ ವಿರುದ್ಧ.

ಸೀಸದ ಬ್ಯಾಟರಿಗೆ ಯಾವಾಗಲೂ ತುಂಬಿರುವುದೇ ಆರೋಗ್ಯ. ಅದನ್ನು ಅರ್ಧ ಇಳಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕಟ್ಟಿ, ಮತ್ತೆ ಚಾರ್ಜ್ ಹಿಡಿಯದಂತಾಗುತ್ತದೆ. ಆದ್ದರಿಂದ 12 ವೋಲ್ಟ್ ಬ್ಯಾಟರಿಯನ್ನು ಇನ್ವರ್ಟರ್ ಸದಾ 13.5ರಿಂದ 13.8 ವೋಲ್ಟಿನ ಸುಮಾರಿನಲ್ಲಿ ಹಿಡಿದಿಡುತ್ತದೆ. ಅದನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತಿಡುವವರು ಯಾರೂ ಇಲ್ಲ, ಕೀಳಲೂ ಬಾರದು. ಲಿಥಿಯಂ-ಅಯಾನ್‌ಗೆ ಇಷ್ಟವಾದದ್ದು ಅರ್ಧ ಹೊಟ್ಟೆ. ತುಂಬಾ ದಿನ ಬಳಸದೆ ಇಡುವುದಾದರೆ ಅರ್ಧದಷ್ಟು ತುಂಬಿ ಇಡಿ ಎಂದೇ ತಯಾರಕರು ಹೇಳುತ್ತಾರೆ. ಒಂದೇ ಕೋಣೆಯಲ್ಲಿ ಎರಡು ಬ್ಯಾಟರಿ ಇರುತ್ತವೆ: ಮೂಲೆಯಲ್ಲಿ ಇನ್ವರ್ಟರಿನದು, ಮೇಜಿನ ಮೇಲೆ ಲ್ಯಾಪ್‌ಟಾಪಿನದು. ಇನ್ವರ್ಟರನ್ನು ಹತ್ತಾರು ವರ್ಷ ಸಾಕಿದ ಮನೆಯ ಹಿರಿಯರು ಅದೇ ಅನುಭವದಿಂದ 'ಚಾರ್ಜಿಗೆ ಹಚ್ಚೇ ಇಡ್ರಿ, ಫುಲ್ ಇದ್ರ ಬ್ಯಾಟರಿ ಚಲೋ ಇರ್ತದ' ಅನ್ನುತ್ತಾರೆ. ಮೂಲೆಯ ಬ್ಯಾಟರಿಗೆ ಆ ಮಾತು ಸರಿ, ಮೇಜಿನ ಬ್ಯಾಟರಿಗೆ ತಪ್ಪು.

ಇದಕ್ಕೆ ಎದುರಾದ ಇನ್ನೊಂದು ಉಪದೇಶವೂ ಚಾಲ್ತಿಯಲ್ಲಿದೆ: ವಾರಕ್ಕೊಮ್ಮೆ ಪೂರ್ತಿ ಸೊನ್ನೆಗೆ ಇಳಿಸಿ, ಆಮೇಲೆ ನೂರಕ್ಕೆ ಏರಿಸಬೇಕು ಎಂದು. ಇದು 1990ರ ದಶಕದವರೆಗೆ ಲ್ಯಾಪ್‌ಟಾಪ್‌ಗಳಲ್ಲಿದ್ದ ನಿಕಲ್–ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಅರ್ಧಂಬರ್ಧ ಇಳಿಸಿ ಏರಿಸಿದರೆ ಅವು ಅಷ್ಟಕ್ಕೇ ಒಗ್ಗಿಬಿಡುತ್ತಿದ್ದವು. ಲಿಥಿಯಂಗೆ ಆ ಚಾಳಿ ಇಲ್ಲ. ಪದೇ ಪದೇ ಸೊನ್ನೆಗೆ ಇಳಿಸುವುದರಿಂದ ಅದಕ್ಕೆ ಕೆಡುಕೇ ಹೆಚ್ಚು. ಅಪರೂಪಕ್ಕೊಮ್ಮೆ ಪೂರ್ತಿ ಇಳಿಸಿ ಏರಿಸುವುದರಿಂದ ಶೇಕಡಾ ತೋರಿಸುವ ಮಾಪಕದ ಲೆಕ್ಕ ಸರಿಹೋಗಬಹುದು, ಅಷ್ಟೇ; ಕೋಶಕ್ಕೆ ಅದರಿಂದ ಬಲ ಬರುವುದಿಲ್ಲ.

ಲೈಟ್ ಹೋದಾಗ

ವಿದ್ಯುತ್ತಿನ ಭೂಪಟದಲ್ಲಿ ಸೋಲಾಪುರದ ಹೆಸರು ಸಣ್ಣದಲ್ಲ. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು–ಸೋಲಾಪುರ ಮಾರ್ಗ ಚಾಲೂ ಆದಾಗ ದಕ್ಷಿಣದ ವಿದ್ಯುತ್ ಜಾಲ ಉಳಿದ ದೇಶದ ಜಾಲದೊಂದಿಗೆ ಮೊದಲ ಸಲ ಒಂದೇ ಲಯದಲ್ಲಿ ಕೂಡಿತು. ಇಡೀ ಭಾರತ ಒಂದೇ ಆವರ್ತನದಲ್ಲಿ ಮಿಡಿಯತೊಡಗಿದ್ದು ಆ ದಿನದಿಂದ. ದಕ್ಷಿಣ ಸೋಲಾಪುರ ತಾಲೂಕಿನ ಫತಾಟೆವಾಡಿ ಬಳಿ ಎನ್‌ಟಿಪಿಸಿಯ 660 ಮೆಗಾವ್ಯಾಟಿನ ಎರಡು ಘಟಕಗಳ ಉಷ್ಣ ವಿದ್ಯುತ್ ಸ್ಥಾವರ ಇದೆ. ಮೊದಲನೆಯದು 2017ರಲ್ಲಿ, ಎರಡನೆಯದು 2019ರಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದವು.

ಇಷ್ಟಿದ್ದೂ ದೀಪದ ಬುಡದಲ್ಲಿ ಕತ್ತಲೆ ತಪ್ಪಿಲ್ಲ. ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯನ್ನು 2005ರ ಜೂನ್‌ನಲ್ಲಿ ಒಡೆದು ಹಂಚಿಕೆಯನ್ನು 'ಮಹಾವಿತರಣ' ಕಂಪನಿಗೆ ಕೊಟ್ಟರು. ಹಳ್ಳಿಗರ ಬಾಯಲ್ಲಿ ಅದು ಇಂದಿಗೂ ಎಮ್ಮೆಸ್ಸೀಬಿಯೇ. ಕೊರತೆಯ ವರ್ಷಗಳಲ್ಲಿ ಸೋರಿಕೆ ಮತ್ತು ಬಿಲ್ ವಸೂಲಿಯ ಲೆಕ್ಕ ಹಾಕಿ ಫೀಡರುಗಳನ್ನು (ವಿದ್ಯುತ್ ಹಂಚುವ ಮಾರ್ಗಗಳನ್ನು) 'ಎ'ಯಿಂದ 'ಜಿ'ವರೆಗೆ ಗುಂಪು ಮಾಡಿದ್ದರು. ಕೊನೆಯ ಗುಂಪಿನವರಿಗೆ ಹೆಚ್ಚು ಹೊತ್ತು ಕತ್ತಲೆ. ಊರಿನ ಫೀಡರ್ ಮತ್ತು ಹೊಲದ ಫೀಡರ್ ಬೇರೆ ಮಾಡಿದ ಮೇಲೆ ಮನೆಗಳ ಪರಿಸ್ಥಿತಿ ಎಷ್ಟೋ ಸುಧಾರಿಸಿತು. ಈಗ ಲೈಟ್ ಹೋಗುವುದಕ್ಕೆ ಉತ್ಪಾದನೆಯ ಕೊರತೆಗಿಂತ ಕೊನೆಯ ಹಂತದ ತಂತಿ, ಕಂಬ, ಡಿಪಿಗಳ (ಟ್ರಾನ್ಸ್‌ಫಾರ್ಮರುಗಳ) ತೊಂದರೆಯೇ ಹೆಚ್ಚಿನ ಕಾರಣ. ಬಿರುಗಾಳಿಗೆ ಟೊಂಗೆ ಬಿದ್ದರೆ, ಹೊರೆ ತಾಳದೆ ಡಿಪಿ ಸುಟ್ಟರೆ, ವಾಯರ್‌ಮನ್ ಬರುವವರೆಗೆ ಕಾಯಬೇಕು.

ಇಂಥ ಊರಿನಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಅದರದೇ ಯುಪಿಎಸ್. ಸೇವಾ ಕೇಂದ್ರದ ಮುಂದೆ ಆದಾಯ ಪ್ರಮಾಣಪತ್ರಕ್ಕೆ ಸಾಲು ನಿಂತಿರುತ್ತದೆ. ಅರ್ಜಿ ಅರ್ಧ ತುಂಬಿದೆ, ಬೆರಳಚ್ಚು ಯಂತ್ರದ ಮೇಲೆ ಮುದುಕಿಯೊಬ್ಬಳ ಬೆರಳು ಮೂರನೇ ಸಲ ಒತ್ತಿದೆ, ಆಗಲೇ ಫ್ಯಾನು ನಿಲ್ಲುತ್ತದೆ. ಬ್ಯಾಟರಿ ಇದ್ದರೆ ಪರದೆ ತುಸು ಮಂಕಾಗಿ ಕೆಲಸ ಮುಂದುವರಿಯುತ್ತದೆ. ಬ್ಯಾಟರಿ ಸತ್ತಿದ್ದರೆ ಎಲ್ಲ ಮೊದಲಿನಿಂದ. ಬ್ಯಾಟರಿಯನ್ನು ಕಳಚಬಹುದಾಗಿದ್ದ ಹಳೆಯ ಲ್ಯಾಪ್‌ಟಾಪ್‌ಗಳ ಕಾಲದಲ್ಲಿ, ಆಯುಷ್ಯ ಉಳಿಸಲು ಬ್ಯಾಟರಿ ತೆಗೆದಿಟ್ಟು ಬರೀ ಅಡಾಪ್ಟರಿನ ಮೇಲೆ ನಡೆಸಿ ಎಂಬ ಸಲಹೆ ಪುಸ್ತಕಗಳಲ್ಲಿ ಇರುತ್ತಿತ್ತು. ಕರೆಂಟು ಹೋಗದ ದೇಶದವರು ಬರೆದ ಸಲಹೆ ಅದು. ಇಲ್ಲಿ ಅದನ್ನು ಪಾಲಿಸಿದವರು ಬ್ಯಾಟರಿ ಉಳಿಸಿ ಕೆಲಸ ಕಳೆದುಕೊಂಡರು.

ಪ್ಲಗ್ ಕೀಳುವುದಕ್ಕೆ ನಿಜವಾದ ಕಾರಣವೊಂದಿದೆ: ಸಿಡಿಲು. ಮೇ ಕೊನೆಯಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಳೆ ಬಂದಾಗ ತಂತಿಯ ಮೇಲೆ ನುಗ್ಗುವ ವೋಲ್ಟೇಜಿಗೆ ಅಡಾಪ್ಟರೂ ಮದರ್‌ಬೋರ್ಡೂ ಸುಡಬಹುದು. ಆಗ ಕಿತ್ತಿಡುವುದು ಜಾಣತನ. ಸಂಜೆಯ ಲೋ ವೋಲ್ಟೇಜಿಗೆ ಹೆದರಬೇಕಿಲ್ಲ. ಅಡಾಪ್ಟರು 100ರಿಂದ 240 ವೋಲ್ಟಿನವರೆಗೆ ಯಾವುದನ್ನೂ ತಾಳಿಕೊಳ್ಳುತ್ತದೆ. ಆದರೆ ಡಿಪಿಯ ನ್ಯೂಟ್ರಲ್ ಕಡಿದರೆ ಮನೆಯ 230 ವೋಲ್ಟಿನ ಜಾಗಕ್ಕೆ 400ರ ಸಮೀಪದ ವೋಲ್ಟೇಜ್ ಬರಬಹುದು, ಅದನ್ನು ಅಗ್ಗದ ಅಡಾಪ್ಟರ್ ತಡೆಯಲಾರದು. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ ಎನ್ನುವುದು ಬಹುತೇಕ ಮನೆಯ ಅರ್ಥಿಂಗ್ ಇಲ್ಲದಿರುವುದರ ಸೂಚನೆ. ಅದಕ್ಕೂ ಬ್ಯಾಟರಿಗೂ ಸಂಬಂಧವಿಲ್ಲ.

ಎಂಬತ್ತರ ಮಿತಿ

ತಯಾರಕರು ಈ ಸಮಸ್ಯೆಗೆ ಕೊಟ್ಟ ಪರಿಹಾರ ಚಾರ್ಜಿಗೆ ಮೇಲ್ಮಿತಿ ಹಾಕುವುದು. ಲೆನೊವೊದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟಕ್ಕೆ ಶುರು, ಎಷ್ಟಕ್ಕೆ ನಿಲ್ಲು ಎಂದು ನಿಗದಿ ಮಾಡುವ ಸೌಲಭ್ಯ ಬಹಳ ಹಿಂದಿನಿಂದ ಇದೆ. ಅದೇ ಕಂಪನಿಯ ಉಳಿದ ಮಾದರಿಗಳಲ್ಲಿ 'ಕನ್ಸರ್ವೇಶನ್ ಮೋಡ್', ಡೆಲ್‌ನಲ್ಲಿ 'ಪ್ರೈಮರಿಲಿ ಎಸಿ ಯೂಸ್', ಎಚ್‌ಪಿಯ ಬಯೋಸ್‌ನಲ್ಲಿ 'ಬ್ಯಾಟರಿ ಹೆಲ್ತ್ ಮ್ಯಾನೇಜರ್' ಎಂಬ ಹೆಸರು. ಆಸುಸ್‌ನ ಹಲವು ಮಾದರಿಗಳಲ್ಲಿ 60, 80, 100ರ ಮೂರು ಆಯ್ಕೆ, ಏಸರ್‌ನಲ್ಲಿ 80. ಆ್ಯಪಲ್ 2020ರಲ್ಲಿ ತನ್ನ ಮ್ಯಾಕ್‌ಬುಕ್‌ಗಳಿಗೆ ಬ್ಯಾಟರಿಯ ಆರೋಗ್ಯ ನೋಡಿಕೊಂಡು ತಾನಾಗಿ ಮಿತಿ ಹಾಕುವ ವ್ಯವಸ್ಥೆ ತಂದಿತು. ಲಿನಕ್ಸ್ ಬಳಸುವವರು ಹಲವು ಮಾದರಿಗಳಲ್ಲಿ ಒಂದು ಸಾಲಿನ ಆಜ್ಞೆಯಲ್ಲಿ ಇದನ್ನು ಮಾಡಬಹುದು. ಲ್ಯಾಪ್‌ಟಾಪ್ ಮಾರುವ ಅಂಗಡಿಯವರು ಈ ಆಯ್ಕೆಯನ್ನು ತೋರಿಸಿಕೊಡುವುದು ಕಡಿಮೆ. ಆ್ಯಂಟಿವೈರಸ್ ಮಾರುವುದರಲ್ಲಿ ಇರುವ ಉತ್ಸಾಹ ಇದರಲ್ಲಿ ಇರುವುದಿಲ್ಲ.

ಹಳ್ಳಿಯ ಬಳಕೆದಾರನ ಆಕ್ಷೇಪ ನ್ಯಾಯವಾದದ್ದೇ: ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಇರುವಾಗ ತುಂಬಿಸಿಕೊಳ್ಳದೆ 80ಕ್ಕೆ ನಿಲ್ಲಿಸುವುದು ಹೇಗೆ? ಲೆಕ್ಕ ಹಾಕಿ ನೋಡಬಹುದು. 50 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪ್ ಸಾಧಾರಣ ಕೆಲಸಕ್ಕೆ ಗಂಟೆಗೆ 12 ವ್ಯಾಟ್-ಅವರ್ ತಿಂದರೆ, ಹೊಸದರಲ್ಲಿ ಪೂರ್ತಿ ತುಂಬಿದಾಗ ನಾಲ್ಕು ಗಂಟೆಗೆ ಮೇಲೆ ನಡೆಯುತ್ತದೆ. 80ಕ್ಕೆ ನಿಲ್ಲಿಸಿದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಮೇಲೆ ಹೇಳಿದ ಕೋಷ್ಟಕದ ಪ್ರಕಾರ ವರ್ಷವಿಡೀ 40 ಡಿಗ್ರಿಯಲ್ಲಿ ತುಂಬಿಟ್ಟರೆ ಉಳಿಯುವುದು 32.5 ವ್ಯಾಟ್-ಅವರ್, ಅಂದರೆ ಎರಡೂ ಮುಕ್ಕಾಲು ಗಂಟೆಗಿಂತ ಕಡಿಮೆ. ವರ್ಷವಿಡೀ 40 ಡಿಗ್ರಿ ಸೋಲಾಪುರದಲ್ಲೂ ಇರುವುದಿಲ್ಲ, ಚಳಿಗಾಲದ ರಾತ್ರಿಗಳು ತಂಪಾಗಿಯೇ ಇರುತ್ತವೆ. ನಿಜವಾದ ನಷ್ಟ 25 ಮತ್ತು 40 ಡಿಗ್ರಿಯ ಅಂಕಿಗಳ ನಡುವೆ ಎಲ್ಲೋ ನಿಲ್ಲುತ್ತದೆ. 80ರ ಮಿತಿಯಲ್ಲೂ ಸವೆತ ಇದ್ದೇ ಇದೆ, ನಿಧಾನವಾಗಿ. ಆದರೂ ಎರಡು–ಮೂರು ವರ್ಷ ಬಾಳಬೇಕಾದ ಯಂತ್ರಕ್ಕೆ ಇಂದು ಬಿಟ್ಟುಕೊಡುವ ಆ ಐವತ್ತು ನಿಮಿಷ ದುಬಾರಿಯಲ್ಲ.

ಹಾಗೆಂದು 80 ಎಂಬುದು ವ್ರತವಾಗಬೇಕಿಲ್ಲ. ಸೋಲಾಪುರ ನಗರದ ಕಚೇರಿಯಲ್ಲಿ, ಇನ್ವರ್ಟರ್ ಇರುವ ಮನೆಯಲ್ಲಿ ವರ್ಷಪೂರ್ತಿ 80 ಅಥವಾ ಅದಕ್ಕೂ ಕಡಿಮೆ ಇಟ್ಟರೆ ನಷ್ಟವೇನಿಲ್ಲ. ಅಕ್ಕಲಕೋಟೆಯ ಒಳಹಳ್ಳಿಯಲ್ಲಿ ಗಾಳಿಮಳೆಯ ದಿನಗಳು ಬಂದಾಗ ಮಿತಿ ತೆಗೆದು 100ಕ್ಕೆ ಏರಿಸಿಕೊಳ್ಳಬೇಕು. ಆ ದಿನಗಳಲ್ಲಿ ಬ್ಯಾಟರಿ ತುಂಬಿ ಕೂರುವುದೂ ಇಲ್ಲ, ದಿನಕ್ಕೆ ಎರಡು ಸಲ ಖರ್ಚಾಗುತ್ತಿರುತ್ತದೆ. ಕೆಡುಕು ಇರುವುದು ನೂರರಲ್ಲಿ ವಾಸ ಮಾಡುವುದರಲ್ಲಿ. ನೂರಕ್ಕೆ ಹೋಗಿ ಬರುವುದರಲ್ಲಿ ಅಷ್ಟಿಲ್ಲ. ಮಿತಿಯ ಸೌಲಭ್ಯವೇ ಇಲ್ಲದ ಹಳೆಯ ಯಂತ್ರವಾದರೆ, ದಿನದ ಕೆಲಸ ಮುಗಿದ ಮೇಲೆ ಒಂದೆರಡು ಗಂಟೆ ಬ್ಯಾಟರಿಯಲ್ಲೇ ನಡೆಸಿ, ಅರ್ಧ–ಮುಕ್ಕಾಲಿನಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಪ್ಲಗ್ ಹಚ್ಚಿದರೆ ರಾತ್ರಿಯಷ್ಟೂ ಹೊತ್ತು ಅದು ತುಂಬಿ ಕೂರುವುದು ತಪ್ಪುತ್ತದೆ. ಬಿಲ್ಲಿನ ಚಿಂತೆಗಂತೂ ಕಾರಣವಿಲ್ಲ. ಇಂದಿನ ಒಳ್ಳೆಯ ಅಡಾಪ್ಟರ್ ಲ್ಯಾಪ್‌ಟಾಪ್ ಇಲ್ಲದೆ ಸುಮ್ಮನೆ ಗೋಡೆಯಲ್ಲಿದ್ದರೆ ಎಳೆಯುವುದು ಸುಮಾರು 0.2 ವ್ಯಾಟ್, ವರ್ಷಕ್ಕೆ ಎರಡು ಯೂನಿಟ್ ಕೂಡ ಆಗದು.

ಬ್ಯಾಟರಿ ಎಷ್ಟು ಸವೆದಿದೆ ಎಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ 'ಪವರ್‌ಸಿಎಫ್‌ಜಿ' ಆಜ್ಞೆಗೆ 'ಬ್ಯಾಟರಿರಿಪೋರ್ಟ್' ಆಯ್ಕೆ ಸೇರಿಸಿ ಕೊಟ್ಟರೆ ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ಎರಡು ಅಂಕಿ ನೋಡಿದರೆ ಸಾಕು: 'ಡಿಸೈನ್ ಕೆಪ್ಯಾಸಿಟಿ', 'ಫುಲ್ ಚಾರ್ಜ್ ಕೆಪ್ಯಾಸಿಟಿ'. ಮೊದಲನೆಯದು 45,000, ಎರಡನೆಯದು 31,500 ಮಿಲಿವ್ಯಾಟ್-ಅವರ್ ಇದ್ದರೆ ಉಳಿದಿರುವುದು ಶೇ. 70. ಬೇಸಗೆಗೆ ಮುಂಚೆ ಒಮ್ಮೆ, ಮಳೆಗಾಲ ಶುರುವಾದ ಮೇಲೆ ಒಮ್ಮೆ ಈ ವರದಿ ತೆಗೆದಿಟ್ಟುಕೊಂಡರೆ ಬಿಸಿಲು ಎಷ್ಟು ತಿಂದಿತೆಂದು ಕಣ್ಣಿಗೇ ಕಾಣುತ್ತದೆ. ಹಳೆಯ, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲೇ ಇದನ್ನು ತೆಗೆಸಿ ನೋಡುವುದು ಒಳ್ಳೆಯದು.

ಉಬ್ಬಿದ ಬ್ಯಾಟರಿ

ಅನಿಲ ತುಂಬಿ ಬ್ಯಾಟರಿ ಉಬ್ಬುವುದು ಕೊನೆಯ ಹಂತದ ಲಕ್ಷಣ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೋಶಗಳು ಮೆತ್ತನೆಯ ಚೀಲದಲ್ಲಿ ಇರುವುದರಿಂದ ಉಬ್ಬು ಹೊರಗೆ ಕಾಣುತ್ತದೆ: ಟಚ್‌ಪ್ಯಾಡ್ ಮೇಲೇಳುತ್ತದೆ, ಕ್ಲಿಕ್ ಆಗುವುದಿಲ್ಲ, ಮೇಜಿನ ಮೇಲಿಟ್ಟರೆ ಯಂತ್ರ ಗಿರಕಿ ಹೊಡೆಯುತ್ತದೆ, ಮುಚ್ಚಳ ಸರಿಯಾಗಿ ಕೂಡುವುದಿಲ್ಲ. ಆ ಮೇಲೆ ಅದನ್ನು ಚಾರ್ಜಿಗೆ ಹಚ್ಚಬಾರದು, ಒತ್ತಿ ಕೂರಿಸಬಾರದು, ಗಾಳಿ ಬಿಡಲೆಂದು ಚುಚ್ಚಲಂತೂ ಬಾರದು. ಚುಚ್ಚಿದರೆ ಬೆಂಕಿ ಹತ್ತಬಹುದು. ಬ್ಯಾಟರಿಯ ಬೆಂಕಿ ತಯಾರಿಕೆಯ ದೋಷದಿಂದಲೂ ಬರಬಹುದು. 2006ರಲ್ಲಿ ಸೋನಿ ಕೋಶಗಳಿದ್ದ 41 ಲಕ್ಷ ಬ್ಯಾಟರಿಗಳನ್ನು ಡೆಲ್ ಹಿಂದಕ್ಕೆ ಕರೆಸಿಕೊಂಡಿತ್ತು.

ಹಳೆಯ ಬ್ಯಾಟರಿಯನ್ನು ಗುಜರಿಯವರಿಗೆ ಕೊಡುವುದು ಈ ಕಡೆಯ ವಾಡಿಕೆ. ಸೀಸದ ಇನ್ವರ್ಟರ್ ಬ್ಯಾಟರಿಗೆ ಅಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ. ಲಿಥಿಯಂನದಕ್ಕೆ ಹೆಚ್ಚೇನೂ ಸಿಗುವುದಿಲ್ಲ, ಅದಕ್ಕೇ ಅದು ಕಸದ ತೊಟ್ಟಿಗೂ ಹೋಗುತ್ತದೆ. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಟರ್ಮಿನಲ್ಲುಗಳಿಗೆ ಟೇಪು ಸುತ್ತಿ, ಬಿಸಿಲು ಬೀಳದ ಕಡೆ ಇಟ್ಟು, ತಯಾರಕರ ಸೇವಾ ಕೇಂದ್ರಕ್ಕೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಒಪ್ಪಿಸಬೇಕು.

ಹೊಸ ಬ್ಯಾಟರಿ ಹಾಕಿಸುವಾಗ ಅದರ ಮೇಲೆ ಭಾರತೀಯ ಮಾನಕ ಬ್ಯೂರೊದ ಐಎಸ್ 16046ರ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಬೇಕು. ತಯಾರಾದ ತಿಂಗಳು–ವರ್ಷವನ್ನೂ ನೋಡಬೇಕು. ಡಬ್ಬಿ ಒಡೆಯದಿದ್ದರೂ ಕಾಲದ ಸವೆತ ಕಾರ್ಖಾನೆಯಿಂದ ಹೊರಬಿದ್ದ ದಿನವೇ ಶುರುವಾಗಿರುತ್ತದೆ. ಸೋಲಾಪುರದ ಅಂಗಡಿಯೊಂದರ ಅಟ್ಟದ ಮೇಲೆ ಎರಡು ಬೇಸಗೆ ಕಳೆದ 'ಹೊಸ' ಬ್ಯಾಟರಿ ಅಗ್ಗವಾಗಿ ಸಿಕ್ಕರೂ ಬೇಡ. ಮುಂದೆ ಬೇಕಾದೀತೆಂದು ಒಂದನ್ನು ಹೆಚ್ಚಿಗೆ ಕೊಂಡು ಕಪಾಟಿನಲ್ಲಿ ಇಟ್ಟುಕೊಳ್ಳುವುದರಲ್ಲೂ ಉಪಯೋಗವಿಲ್ಲ.